ಅತ್ತೆಯ ಹಲ್ಲು ಮತ್ತು ನನ್ನ ಬಲತಿರುವು

ಮೈಸೂರಿನಲ್ಲಿ ಮೋಟಾರ್ ಸೈಕಲ್ ಓಡಿಸುವವನಿಗೆ ಬಲಕ್ಕೆ ತಿರುಗುವ ವಿದ್ಯೆ ಬೇಕಾಗಿಯೇ ಇಲ್ಲ ಎಂಬುದು ನನ್ನ ಸಂಶೋಧನೆ. ನಮ್ಮೂರಿನಲ್ಲಿ ಎಲ್ಲಿ ನೋಡಿದರೂ ಸರ್ಕಲ್. ಬಲಕ್ಕೆ ಹೋಗಬೇಕೆಂದರೆ ಎದುರಿನ ಬಸ್ಸಿಗೆ ಎದೆಯೊಡ್ಡಿ ನಿಲ್ಲಬೇಕಾಗಿಲ್ಲ. ಎಡಗಡೆಯಿಂದ ಮರ್ಯಾದೆಯಾಗಿ ಸರ್ಕಲ್ಲಿಗೆ ಸೇರಿಕೊಂಡು, ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ಸುತ್ತಿ, ಬೇಕಾದ ರಸ್ತೆ ಬಂದಾಗ ಎಡಕ್ಕೆ ಹೊರಬಿದ್ದರಾಯಿತು. ಹೊರಬೀಳುವ ಧೈರ್ಯ ಬರದಿದ್ದರೆ ಇನ್ನೊಂದು ಸುತ್ತು! ಒಮ್ಮೆ ಕೆ.ಆರ್. ಸರ್ಕಲ್ಲಿನಲ್ಲಿ ನಾನು ಸುತ್ತುತ್ತಲೇ ಇದ್ದುದನ್ನು ಕಂಡ ಟ್ರಾಫಿಕ್ ಪೊಲೀಸಿನವರು ಹತ್ತಿರ ಕರೆದು, "ಸಾರ್, ಹರಕೆ ಏನಾದ್ರೂ ಇದೆಯಾ?" ಎಂದು ಮೆಲ್ಲಗೆ ಕೇಳಿದ್ದರು.

ನಾನು ಮಹದೇವಸ್ವಾಮಿ. ದೇವರಾಜ ಮೊಹಲ್ಲಾದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ಹಿನಕಲ್ಲಿನಲ್ಲಿ. ಐವತ್ತು ದಾಟಿದ ಮೇಲೆ ಬೈಕ್ ಕೊಂಡವನು. ಅದಕ್ಕೂ ಮೊದಲು ನನ್ನ ಹೆಂಡತಿ ಶೈಲಾಳ ಸ್ಕೂಟರಿನ ಹಿಂದೆ ಕುಳಿತು ಓಡಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಆ ಬಗ್ಗೆ ನಡೆಯುತ್ತಿದ್ದ ಚರ್ಚೆಗಳನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಬೈಕ್ ಬಂದ ಮೇಲೆ ಬಾಯಿಗಳು ಮುಚ್ಚಿದವು. ಆದರೆ ಹಿನಕಲ್ಲಿನಿಂದ ಶಾಲೆಗೆ, ಶಾಲೆಯಿಂದ ಹಿನಕಲ್ಲಿಗೆ ಹೋಗುವುದನ್ನು ಯಾರೂ ಪ್ರವಾಸ ಎನ್ನುವುದಿಲ್ಲವಲ್ಲ. ದೂರದ ಊರಿಗೆ ಒಬ್ಬನೇ ಬೈಕಿನಲ್ಲಿ ಹೋಗಬೇಕು, ಧೂಳು ಹಿಡಿದ ಜಾಕೆಟ್ಟಿನಲ್ಲಿ ಇಳಿಯಬೇಕು, ನೆಂಟರು ಬಾಯಿ ತೆರೆದು ನೋಡಬೇಕು ಎಂಬ ಆಸೆ ಒಳಗೊಳಗೇ ಬಲಿಯಿತು.

ಅವಕಾಶ ತಾನಾಗಿಯೇ ಬಂತು. ಹೊಳೆನರಸೀಪುರದಲ್ಲಿರುವ ನನ್ನ ಬಾಮೈದ ರಾಜಶೇಖರನ ಮಗಳು ಕಾವ್ಯಳ ನಿಶ್ಚಿತಾರ್ಥ. ಶೈಲಾ ಹಾಗೂ ನಮ್ಮ ಜೊತೆಯಲ್ಲೇ ಇರುವ ಅತ್ತೆ ಹಿಂದಿನ ದಿನವೇ ರಾಜಶೇಖರನ ಕಾರಿನಲ್ಲಿ ಹೊರಟರು. ನಾನು ಮಾತ್ರ ಶಾಲೆಯ ನೆಪ ಹೇಳಿ ಉಳಿದುಕೊಂಡೆ.

"ನಾಳೆ ಬೈಕಲ್ಲಿ ಬರ್ತೀನಿ," ಎಂದೆ.

ಶೈಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಸ್ಸಲ್ಲಿ ಬನ್ನಿ."

"ಯಾಕೆ? ನನಗೆ ಓಡಿಸೋಕೆ ಬರಲ್ವಾ?"

"ಓಡಿಸೋಕೆ ಬರುತ್ತೆ. ತಿರುಗಿಸೋಕೆ ಬರಲ್ಲ."

ಹೆಂಡತಿಯ ಮಾತನ್ನು ಕೇಳುವುದಕ್ಕೂ ಒಂದು ವಯಸ್ಸು ಬರಬೇಕು. ನನಗಿನ್ನೂ ಬಂದಿರಲಿಲ್ಲ.

ಬೆಳಗ್ಗೆ ಹೊರಡಲು ಜಾಕೆಟ್ ತೊಡುತ್ತಿದ್ದಾಗ ಶೈಲಾಳ ಫೋನ್ ಬಂತು. "ರೀ, ಅಮ್ಮನ ಹಲ್ಲು ಅಲ್ಲೇ ಉಳ್ಕೊಂಡ್ಬುಟ್ಟಿದೆ! ಬಚ್ಚಲುಮನೆ ಗೂಡಲ್ಲಿ ಲೋಟದಲ್ಲಿದೆ ನೋಡಿ."

ಹೋಗಿ ನೋಡಿದೆ. ಲೋಟದ ನೀರಿನಲ್ಲಿ ಅತ್ತೆಯ ಹಲ್ಲಿನ ಸೆಟ್ಟು ನನ್ನನ್ನು ನೋಡಿ ನಗುತ್ತಿತ್ತು.

"ಅಮ್ಮ ರೂಮಿನ ಬಾಗಿಲು ಹಾಕ್ಕೊಂಡು ಕೂತ್ಬುಟ್ಟವ್ರೆ. ಬೀಗರ ಮುಂದೆ ಬೊಚ್ಚುಬಾಯಲ್ಲಿ ಬರಲ್ವಂತೆ. ಬೇಗ ಬಸ್ ಹತ್ತಿ!"

ಇದು ತಮಾಷೆಯ ಸಂಗತಿಯಲ್ಲ. ಅತ್ತೆಯ ಮನೆತನದಲ್ಲಿ ಎಲೆ ಅಡಿಕೆಯ ತಟ್ಟೆಯನ್ನು ಮನೆಯ ಹಿರಿಯರೇ ಬೀಗರ ಕೈಗೆ ಕೊಡಬೇಕು. ಕೊಡುವಾಗ "ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕೊಟ್ಟೆವು" ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಅತ್ತೆ ಬಾರದೆ ತಟ್ಟೆ ಕದಲುವುದಿಲ್ಲ, ತಟ್ಟೆ ಕದಲದೆ ನಿಶ್ಚಿತಾರ್ಥವಿಲ್ಲ. ಹನ್ನೊಂದೂವರೆಗೆ ಮುಹೂರ್ತ. ಒಂದು ಹೆಣ್ಣುಮಗಳ ಭವಿಷ್ಯ ಈಗ ನನ್ನ ಜಾಕೆಟ್ಟಿನ ಜೇಬಿಗೆ ಬಂದು ಬಿದ್ದಿತ್ತು!

"ಬಸ್ಸು ಕಂಡಕಂಡಲ್ಲಿ ನಿಲ್ಲುತ್ತೆ ಕಣೇ. ಬೈಕೇ ಬೇಗ," ಎಂದು ಫೋನ್ ಇಟ್ಟೆ.

ಹಲ್ಲನ್ನು ಒರೆಸಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು ಎದೆಯ ಜೇಬಿಗೆ ಸೇರಿಸಿದೆ. ಗೇಟಿನ ಬಳಿ ಪಕ್ಕದ ಮನೆಯ ಜೆಸಿಂತಮ್ಮ ನಿಂತಿದ್ದರು. ಮೊಣಕಾಲಿಗೆ ಕಟ್ಟಿದ್ದ ಕವಚ, ಮಳೆಕೋಟು, ಕೈಗವಸು, ಹೆಲ್ಮೆಟ್ಟು ಎಲ್ಲವನ್ನೂ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಮೇಷ್ಟ್ರೇ, ಚರ್ಚಿಗೆ ಹೋಗ್ತಿದೀನಿ. ನಿಮ್ಮ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ತೀನಿ."

"ಬದುಕಿರೋರ ಹೆಸರಲ್ಲೂ ಹಚ್ತಾರಾ ಜೆಸಿಂತಮ್ಮ?"

"ಓ, ಹಚ್ತೀವಿ. ಸ್ವಲ್ಪ ಅನುಮಾನ ಇದ್ರೆ ಎರಡು ಹಚ್ತೀವಿ."

ಹಿನಕಲ್ಲಿನಿಂದ ಹುಣಸೂರು ರಸ್ತೆಗೆ ಎಡಕ್ಕೇ ತಿರುಗಬೇಕು. ಶುಭಶಕುನ! ಯಲವಾಲ ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದರೆ ನಾನು ಬೀಳಲಿಲ್ಲ. ರಸ್ತೆಯ ಎಡತುದಿಯನ್ನು ತಬ್ಬಿಕೊಂಡು, ಯಾರ ಮನಸ್ಸನ್ನೂ ನೋಯಿಸದಂತೆ ಸಾಗುತ್ತಿದ್ದೆ. ಬಸ್ಸುಗಳು ಹಿಂದಿಕ್ಕಿದವು, ಲಾರಿಗಳು ಹಿಂದಿಕ್ಕಿದವು, ಹುಲ್ಲಿನ ಹೊರೆ ಹೊತ್ತಿದ್ದ ಮೊಪೆಡ್ ಒಂದು ಹಿಂದಿಕ್ಕಿತು. ಹುಲ್ಲಿನ ಮೇಲೆ ಕುಳಿತಿದ್ದ ಹೆಂಗಸು ತಿರುಗಿ ನನ್ನನ್ನು ಕನಿಕರದಿಂದ ನೋಡಿದಳು. ರಸ್ತೆಯ ಉಬ್ಬು ಬಂದಾಗಲೆಲ್ಲ ಡಬ್ಬಿಯೊಳಗೆ ಅತ್ತೆಯ ಹಲ್ಲು ಕಟಕಟ ಎನ್ನುತ್ತಿತ್ತು. ಹೆಲ್ಮೆಟ್ಟಿನೊಳಗೆ ನನ್ನದೂ ಅದೇ ಸದ್ದು.

ಆಮೇಲೆ ಬಿಳಿಕೆರೆ ಬಂತು.

ಹೊಳೆನರಸೀಪುರಕ್ಕೆ ಹೋಗುವವರು ಬಿಳಿಕೆರೆಯಲ್ಲಿ ಬಲಕ್ಕೆ ತಿರುಗಿ ಕೆ.ಆರ್. ನಗರದ ದಾರಿ ಹಿಡಿಯಬೇಕು. ನಾನು ಸಾಕಷ್ಟು ಮುಂಚೆಯೇ ಬಲಗಡೆಯ ಇಂಡಿಕೇಟರ್ ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಲಾರಿ. ಕತ್ತೆತ್ತಿದರೆ ಎದುರಿಗೆ ಬಸ್ಸು. ನಾನು ಹುಡುಕುತ್ತಿದ್ದುದು ಒಂದೇ, ನಡುವೆ ಒಂದು ದುಂಡನೆಯ ಕಟ್ಟೆ. ನನ್ನ ಕಣ್ಣಿಗೆ ಯಾವ ಕಟ್ಟೆಯೂ ಕಾಣಲಿಲ್ಲ. ಕೈ ತಿರುಗಲಿಲ್ಲ. ಬಿಳಿಕೆರೆ ನನ್ನ ಬಲಗಡೆಯಿಂದ ನಿಧಾನವಾಗಿ ಹಿಂದಕ್ಕೆ ಸರಿದು ಮರೆಯಾಯಿತು.

ಪರವಾಗಿಲ್ಲ, ಮುಂದೆ ಸರ್ಕಲ್ ಸಿಕ್ಕಾಗ ಸುತ್ತಿಕೊಂಡು ವಾಪಸ್ ಬಂದರಾಯಿತು ಎಂದುಕೊಂಡೆ. ಮೈಸೂರಿನವನ ಬುದ್ಧಿ! ಜಗತ್ತಿನಲ್ಲಿ ಎಲ್ಲೆಲ್ಲೂ ಸರ್ಕಲ್ ಕಟ್ಟಿಸಿಟ್ಟಿರುತ್ತಾರೆಂದು ನಂಬಿದ್ದೆ. ಸರ್ಕಲ್ ಬರಲಿಲ್ಲ. ಗಾಡಿ ನಿಲ್ಲಿಸಿ ಇಳಿದು ತಳ್ಳಿಕೊಂಡು ದಾಟಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಮೇಲೆ ಎಲ್ಲರೂ ಅದನ್ನೇ ಕೇಳಿದರು. ಆ ಹೊತ್ತಿಗೆ ಹೊಳೆಯಲಿಲ್ಲ.

ಇಂಡಿಕೇಟರ್ ಮಾತ್ರ ತನ್ನ ಪಾಡಿಗೆ ಮಿನುಗುತ್ತಲೇ ಇತ್ತು. ನನ್ನ ಹಿಂದೆ ಬರುತ್ತಿದ್ದವರು, ಈಗ ತಿರುಗುತ್ತಾನೆ, ಇನ್ನೇನು ತಿರುಗುತ್ತಾನೆ ಎಂದು ಕಾದು ಕಾದು ಬಳಲಿದ್ದರು. ಕೊನೆಗೆ ಒಬ್ಬ ಟ್ರ್ಯಾಕ್ಟರಿನವನು ಪಕ್ಕಕ್ಕೆ ಬಂದು ಕೂಗಿದ: "ಯಜಮಾನ್ರೇ, ತಿರುಗ್ತೀರೋ ಇಲ್ವೋ ಒಂದ್ ಮಾತು ಯೋಳ್ಬುಡಿ! ಒಟ್ಟೆ ಅಸೀತಾ ಅದೆ!"

ಆಗ ನನ್ನೊಳಗಿನ ಗಣಿತದ ಮೇಷ್ಟ್ರು ಎಚ್ಚೆತ್ತ. ಒಂದು ಚೌಕವನ್ನು ಊಹಿಸಿಕೊಳ್ಳಿ. ಬಲಕ್ಕೆ ಒಂದು ಸಲ ತಿರುಗುವುದೂ ಒಂದೇ, ಎಡಕ್ಕೆ ಮೂರು ಸಲ ತಿರುಗುವುದೂ ಒಂದೇ. ನಿರ್ವಿವಾದ! ಎಡಗಡೆ ಒಂದು ಹಳ್ಳಿಯ ದಾರಿ ಕಂಡಿತು. ತಿರುಗಿದೆ. ಸ್ವಲ್ಪ ದೂರದಲ್ಲಿ ಮತ್ತೊಂದು ಎಡ ಸಿಕ್ಕಿತು, ಅದು ಮಣ್ಣಿನ ದಾರಿ. ಮೂರನೆಯ ಎಡ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅದು ಕಿರಿದಾಗಿತ್ತು, ಇಳಿಜಾರಾಗಿತ್ತು, ಎರಡೂ ಕಡೆ ಹೊಗೆಸೊಪ್ಪಿನ ಹೊಲ. ಕೆಳಗಿಳಿದ ದಾರಿ ರಸ್ತೆಗೆ ಸೇರದೆ ನೇರವಾಗಿ ಒಬ್ಬರ ಮನೆಯಂಗಳಕ್ಕೆ ಸೇರಿತು. ಅಂಗಳದಲ್ಲಿ ಹೊಗೆಸೊಪ್ಪು ಬೇಯಿಸುವ ಗೂಡು, ಅದರ ಮುಂದೆ ಆಗಷ್ಟೇ ಕಿತ್ತು ತಂದ ಸೊಪ್ಪಿನ ದೊಡ್ಡ ರಾಶಿ, ರಾಶಿಯ ಸುತ್ತ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಹೆಂಗಸರು. ಬ್ರೇಕ್ ಎಂದುಕೊಂಡು ನಾನು ಒತ್ತಿದ್ದು ಹಾರನ್ನು!

ಹೆಂಗಸರು ಚದುರಿದರು. ನಾನು ಸೊಪ್ಪಿನ ರಾಶಿಯೊಳಗೆ ಹೊಕ್ಕೆ.

ಪೆಟ್ಟೇನೂ ಆಗಲಿಲ್ಲ. ಆದರೆ ಜೇಬಿನ ಡಬ್ಬಿ ಹಾರಿ, ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ ಬಿದ್ದಿತ್ತು. ಹಲ್ಲು ಇರಲಿಲ್ಲ. ಅಷ್ಟರಲ್ಲಿ ಮನೆಯ ಯಜಮಾನ, ಸಣ್ಣೇಗೌಡ ಎಂಬಾತ, ಓಡಿಬಂದು ನನ್ನನ್ನು ಎಬ್ಬಿಸಿ ಕೂರಿಸಿದ.

"ಹಲ್ಲು... ಹಲ್ಲು..." ಎಂದೆ ನಾನು, ಏದುಸಿರು ಬಿಡುತ್ತಾ.

"ಅಯ್ಯಯ್ಯೋ, ಹಲ್ಲು ಬಿದ್ದೋದ್ವಂತೆ ಕಣ್ರಮ್ಮೀ! ಬಾಯ್ ತೆಗೀರಿ ಸಾಮಿ, ನೋಡಣ!" ಎಂದು ನನ್ನ ಹೆಲ್ಮೆಟ್ ಕಿತ್ತು, ದವಡೆ ಹಿಡಿದು ಬಾಯಿ ಅಗಲಿಸಿದ. ನನ್ನ ಹಲ್ಲುಗಳೆಲ್ಲ ಅಲ್ಲೇ ಇದ್ದವು. ಅವನಿಗೆ ಗೊಂದಲವಾಯಿತು. "ಎಲ್ಲ ಅವೆಯಲ್ಲ?"

"ನಂದಲ್ಲ, ನಮ್ಮತ್ತೇದು!"

ಸಣ್ಣೇಗೌಡನ ಮುಖ ಬಿಳಿಚಿಕೊಂಡಿತು.

"ಅತ್ತೇನೂ ಕೂರಿಸ್ಕಂಡು ಬಂದಿದ್ರಾ? ಅಯ್ಯೋ ಸಿವನೇ! ಬನ್ರಮ್ಮೀ, ಸೊಪ್ಪೆತ್ತಿ ಸೊಪ್ಪೆತ್ತಿ! ಮುದುಕಿ ಒಳಗವ್ಳೆ!"

ಎಲ್ಲರೂ ರಾಶಿಯ ಮೇಲೆ ಮುಗಿಬಿದ್ದು ನನ್ನ ಅತ್ತೆಯನ್ನು ಹುಡುಕತೊಡಗಿದರು. "ಅಮ್ಮಾ, ಕೂಗ್ಕಳಿ, ಎದ್ರಬ್ಯಾಡಿ!" ಎಂದು ಒಬ್ಬಳು ಸೊಪ್ಪಿನೊಳಗೆ ಬಾಯಿಟ್ಟು ಧೈರ್ಯ ಹೇಳುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಶೈಲಾಳ ಫೋನ್ ಬಂತು. ಎತ್ತಿದೆ.

"ಎಲ್ಲಿದೀರ? ಬೀಗರು ಬಂದ್ಬುಟ್ರು!"

"ಹುಣಸೂರಿನ ಹತ್ರ. ಹೊಗೆಸೊಪ್ಪಿನ ರಾಶೀಲಿ."

"ಅಲ್ಲಿಗ್ಯಾಕೆ ಹೋದ್ರಿ? ಏನ್ರೀ ಅದು ಗಲಾಟೆ?"

"ನಿಮ್ಮಮ್ಮನ್ನ ಹುಡುಕ್ತಾವ್ರೆ ಕಣೇ."

"ಅಮ್ಮ ಇಲ್ಲೇ ರೂಮಲ್ಲಿದಾರಲ್ರೀ!"

"ಅದು ಇವರಿಗೆ ಗೊತ್ತಿಲ್ಲ!"

ಅಷ್ಟರಲ್ಲಿ ರಾಶಿಯ ತಳದಿಂದ ಒಂದು ಕಿರುಚಾಟ. ಒಬ್ಬಾಕೆ ಎರಡು ಬೆರಳಲ್ಲಿ ಅತ್ತೆಯ ಹಲ್ಲನ್ನು ಎತ್ತಿ ಹಿಡಿದಿದ್ದಳು. "ಅಲ್ಲು ಸಿಕ್ತು! ಮುದುಕಿ ಇನ್ನೂ ಸಿಕ್ಕಿಲ್ಲ!"

ಆ ಕಡೆಯಿಂದ ಫೋನ್ ಕಟ್ಟಾಯಿತು. ಗಡಿಯಾರ ನೋಡಿದೆ. ಮುಹೂರ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು. ಕಾವ್ಯ ನನ್ನ ಬೆನ್ನ ಮೇಲೆ ಆನೆಯಾಟ ಆಡಿಕೊಂಡು ಬೆಳೆದ ಹುಡುಗಿ. ಅವಳ ಶುಭಕಾರ್ಯ ನನ್ನ ಜಂಬದಿಂದ ನಿಂತುಹೋಯಿತಲ್ಲ ಎಂದು ಸಂಕಟವಾಯಿತು. ಸೊಪ್ಪಿನ ಅಂಟು ಹತ್ತಿದ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತೆ. ಆ ಉರಿಗೆ ಕಾರಣ ಹೊಗೆಸೊಪ್ಪು ಎಂದು ಆಮೇಲೆ ತಿಳಿಯಿತು.

ವಿಷಯ ತಿಳಿದ ಸಣ್ಣೇಗೌಡ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ, ತನ್ನ ಲಗೇಜ್ ಗಾಡಿಗೆ ನನ್ನ ಬೈಕನ್ನು ಹತ್ತಿಸಿದ. ಅದರ ಹ್ಯಾಂಡಲ್ ಸೊಟ್ಟಗಾಗಿತ್ತು. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಕುಳಿತಳು, ಮದುವೆ ಹೆಣ್ಣಿನ ಕತೆ ಏನಾಯಿತೆಂದು ತಾನೂ ನೋಡಲೇಬೇಕಂತೆ. ಹಾಗಾಗಿ ಬೈಕು ಬೀಳದಂತೆ ಹಿಡಿದುಕೊಳ್ಳಲು ನಾನು ಹಿಂದೆ, ಬೈಕಿನ ಮೇಲೆಯೇ, ಹೆಲ್ಮೆಟ್ ಹಾಕಿಕೊಂಡು ಕುಳಿತೆ. ಬಿಳಿಕೆರೆಯಲ್ಲಿ ಗಾಡಿ ಸಲೀಸಾಗಿ ಕೆ.ಆರ್. ನಗರದ ಕಡೆಗೆ ತಿರುಗಿತು. ಅಭ್ಯಾಸಬಲದಿಂದ ನಾನೂ ಇಂಡಿಕೇಟರ್ ಹಾಕಿದೆ.

ಹೊಳೆನರಸೀಪುರದ ಮನೆಯ ಮುಂದೆ ಗಾಡಿ ನಿಂತಾಗ ಬೀಗರ ಕಡೆಯವರು ಊಟ ಮುಗಿಸಿ, ಎಲೆ ಅಡಿಕೆ ಮೆಲ್ಲುತ್ತಾ ಶಾಮಿಯಾನದ ನೆರಳಲ್ಲಿ ನಿಂತಿದ್ದರು. ನೆಂಟರು ಬಾಯಿ ತೆರೆದು ನೋಡಿದರು. ಅಷ್ಟರ ಮಟ್ಟಿಗೆ ನನ್ನ ಆಸೆ ಈಡೇರಿತು.

"ಶಾಸ್ತ್ರ?" ಎಂದು ಶೈಲಾಳನ್ನು ಕೇಳಿದೆ.

"ಆಯ್ತು ಬನ್ನಿ," ಎಂದಳು ಅವಳು. ಹೇಳಲಾರದಷ್ಟು ನಗು ಅವಳಿಗೆ.

ನಡೆದದ್ದು ಇಷ್ಟು. ಶೈಲಾ ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ರೂಮಿನ ಬಾಗಿಲಿಗೆ ಹಿಡಿದಿದ್ದಳಂತೆ, ಹಲ್ಲು ಎಲ್ಲಿದೆಯೆಂದು ಅವರಿಗೂ ತಿಳಿಯಲಿ ಎಂದು. "ಮುದುಕಿ ಇನ್ನೂ ಸಿಕ್ಕಿಲ್ಲ" ಎಂಬ ಕೂಗು ಕೇಳಿದ್ದೇ ಅತ್ತೆಗೆ ತಡೆಯಲಾರದಷ್ಟು ನಗು ಬಂದಿದೆ. ನಗುನಗುತ್ತಾ ಬಾಗಿಲು ತೆಗೆದವರು, ಬೊಚ್ಚುಬಾಯಿ ಎಂಬುದನ್ನೂ ಮರೆತು, ನಡುಮನೆಯಲ್ಲಿದ್ದ ಹುಡುಗನ ಅಜ್ಜಿಗೆ ಕತೆ ಹೇಳಲು ನೇರವಾಗಿ ಹೊರಗೆ ಬಂದುಬಿಟ್ಟಿದ್ದಾರೆ. ಹೇಳಿ ಮುಗಿಸಿದ ಮೇಲೆ ನೆನಪಾಗಿ, ನಾಚಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದರಂತೆ. ಆಗ ಆ ಅಜ್ಜಿ, "ಅಯ್ಯೋ, ನಂದೂ ಸೆಟ್ಟೇ ಕಣಮ್ಮ, ಬೆಳಗ್ಗೆಯಿಂದ ಒತ್ತುತಾ ಅದೆ," ಎಂದು ತಮ್ಮದನ್ನೂ ಕಳಚಿ ಸೊಂಟದ ಚೀಲಕ್ಕೆ ಹಾಕಿಕೊಂಡರಂತೆ. ಎರಡು ಬೊಚ್ಚುಬಾಯಿಗಳು ಎದುರುಬದುರು ನಿಂತು ನಗುತ್ತಾ ತಟ್ಟೆ ಬದಲಾಯಿಸಿಕೊಂಡವು. ಅತ್ತೆ ಹೇಳಿದ ಮಾತು ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಎಲ್ಲರೂ ಒಪ್ಪಿಕೊಂಡರು.

ನನಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋಗಿ ಡಬ್ಬಿಯನ್ನು ಅತ್ತೆಯ ಮುಂದೆ ಎರಡೂ ಕೈಗಳಿಂದ ಹಿಡಿದೆ. ಅವರು ಮುಚ್ಚಳ ತೆಗೆದು, ಹಲ್ಲನ್ನು ಮೂಸಿ, ಮುಖ ಕಿವುಚಿದರು.

"ಹೊಗೆಸೊಪ್ಪಿನ ವಾಸನೆ! ಬುಡಿ ಅಳಿಯಂದ್ರೇ, ಊಟಾನೂ ಆಯ್ತು, ಪಾಯಸಾನೂ ಆಯ್ತು. ಇನ್ನೇನಕ್ಕೆ ಹಲ್ಲು?"

ಸಂಜೆ ಹೊರಡುವ ಹೊತ್ತಿಗೆ ರಾಜಶೇಖರ ತಲೆ ಕೆರೆದುಕೊಂಡ. ಬೈಕು ರಿಪೇರಿಗೆ ಇಲ್ಲೇ ಉಳಿಯಲಿ, ಆದರೆ ಕಾರಿನಲ್ಲಿ ಮೈಸೂರಿನ ಕಡೆಯ ನೆಂಟರೆಲ್ಲ ತುಂಬಿಹೋಗಿದ್ದಾರೆ, ಭಾವನನ್ನು ಹೇಗೆ ಕಳಿಸುವುದು ಎಂದು ಅವನ ಚಿಂತೆ. ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು:

"ಅವರು ಎಂಗಾದ್ರೂ ಬರ್ಲಿ ಕಣೋ. ನನ್ನ ಹಲ್ಲು ಮಾತ್ರ ಕಾರಲ್ಲೇ ಬರ್ಲಿ."

ಹಾಗೇ ಆಯಿತು. ಹಲ್ಲು ಕಾರಿನ ಮುಂದಿನ ಸೀಟಿನಲ್ಲಿ, ಅತ್ತೆಯ ಮಡಿಲಲ್ಲಿ ಕುಳಿತು ಮೈಸೂರಿಗೆ ಬಂತು. ನಾನು ಬಸ್ಸಿನಲ್ಲಿ ನಿಂತುಕೊಂಡು ಬಂದೆ.