ಟೇಬಲ್ಲಿಗೆ ಕೈಮುಗಿದ ಕಥೆ

ನಮ್ಮ ಮನೆಯಲ್ಲಿ ಹಿಂಸೆಗೆ ಪ್ರವೇಶವಿಲ್ಲ! ಸೊಳ್ಳೆ ಬಂದರೂ ಫ್ಯಾನ್ ಜೋರು ಮಾಡಿ ಮರ್ಯಾದೆಯಿಂದ ಬೀಳ್ಕೊಡುವ ಮನುಷ್ಯ ನಾನು. ಮಗಳು ಪಿಂಕಿ ಹುಟ್ಟಿದ ದಿನವೇ, ಈ ಕೂಸಿನ ಮೇಲೆ ಯಾರೂ ಕೈ ಎತ್ತಕೂಡದೆಂದು ಘೋಷಿಸಿದ ಮಹಾಪುರುಷ, ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್ ಅಂಬಾದಾಸ, ಅಂದರೆ ಸಾಕ್ಷಾತ್ ನಾನೇ! ಅಂಥವನ ಮಗಳು ಇನ್ನೊಬ್ಬರ ಮಗುವಿಗೆ ಹೊಡೆದಳೆಂದು ಶಾಲೆಯಿಂದ ಫೋನ್ ಬಂದರೆ ನನಗೆ ಹೇಗಾಗಬೇಡ!

"ಆ ಮೇಡಮ್ಮಗ ಇವತ್ತ ನೀರಿಳಿಸಿ ಬರ್ತೀನಿ!" ಎಂದು ತೋಳು ಮಡಿಚಿದೆ.

"ತೋಳ ಇಳಸ್ರಿ ಮೊದಲ," ಎಂದಳು ಹೆಂಡತಿ ಸುವರ್ಣಾ. "ನಡು ವರ್ಷದಾಗ ಸೀಟ ಹೋತಂದ್ರ ಈಕಿನ್ನ ಯಾರ ತಗೋತಾರ? ನಾ ನೌಕರಿ ಬಿಟ್ಟು ಮನ್ಯಾಗ ಕೂಡಬೇಕಾಗ್ತದ. ನೀವು ಬಾಯಿ ಬಿಡಬ್ಯಾಡ್ರಿ, ನಾ ಮಾತಾಡ್ತೀನಿ."

ನನ್ನ ಬಾಯಿ ಎಂದಾದರೂ ಅವಳ ಮಾತು ಕೇಳಿದೆಯೇ?

ಹಿಮಾಯತ್‌ನಗರದ ಆ ಪುಟ್ಟ ನರ್ಸರಿಯ ಒಡತಿ ನಲಿನಿ ಮೇಡಂ ರಾಯಚೂರಿನ ಕಡೆಯವರು. ಅವರ ಎದುರಿಗೆ ಮಿಲಿಂದನೆಂಬ ಪೋರ ತಾಯಿಯ ತೊಡೆಯ ಮೇಲೆ ಕೂತಿದ್ದ. ಕೆನ್ನೆಯ ಮೇಲೆ ನನ್ನ ಮಗಳ ಬೆರಳುಗಳು ಅಚ್ಚೊತ್ತಿದ್ದವು. 

"ಓಡುವಾಗ ಪಿಂಕಿ ಇವನ ಕಾಲು ಎಡವಿ ಬಿದ್ದಳ್ರೀ. ಎದ್ದಾಕಿನ ಛಟೀರ್ ಅಂತ ಬಾರಿಸ್ಯಾಳ," ಎಂದರು ಮೇಡಂ.

ಮಿಲಿಂದನ ತಾಯಿ ದೀಪ್ತಿ, ಆ ಹುಡುಗಿಯಾದರೂ ಇರಬೇಕು, ಇಲ್ಲ ನನ್ನ ಮಗನಾದರೂ ಇರಬೇಕು ಎಂದು ಹಿಂದಿಯಲ್ಲಿ ಕಿಡಿ ಕಾರಿದರು. ಸುವರ್ಣಾಳ ಮುಖ ಬಿಳಿಚಿತು.

"ಖರೆ ಹೇಳ್ರಿ, ಮನ್ಯಾಗ ಯಾರ ಹೊಡೀತಾರ?" ಎಂದು ಮೇಡಂ ನಮ್ಮತ್ತ ತಿರುಗಿದರು.

ನನಗೆ ತಡೆಯಲಾಗಲಿಲ್ಲ. ಚಂಗನೆ ಎದ್ದೆ. "ಮೇಡಂ! ನಮ್ಮ ಮನ್ಯಾಗ ಇಲ್ಲೀತನಕ ಯಾರೂ ಯಾರ ಮ್ಯಾಲೂ ಕೈ..."

ಟೇಬಲ್ಲಿನ ಮೂಲೆ ಮಂಡಿಗೆ ಫಟಾರನೆ ಬಡಿಯಿತು. "ಅಯ್ಯಯ್ಯಪ್ಪಾ!"

ಬಾಗಿಲ ಬಳಿ ನಿಂತಿದ್ದ ಪಿಂಕಿ ಹಾರಿ ಬಂದಳು. "ಏ ಟೇಬಲ್ಲಾ! ನಮ್ಮ ಅಪ್ಪಗ ಹೊಡೀತಿ ಏನ? ತಗೋ! ತಗೋ! ಇನ್ನೊಮ್ಮಿ ಹೊಡೀತಿ?"

ಧ್ವನಿ ಅವಳದು. ಏರಿಸಿದ ಹುಬ್ಬು, ಎತ್ತಿದ ತೋರುಬೆರಳು, ಗತ್ತು, ಎಲ್ಲವೂ ನನ್ನವು! ನಾಲ್ಕೇಟು ಬಿಗಿದು ನನ್ನತ್ತ ತಿರುಗಿ, "ಹೊಡದೆ ಅಪ್ಪಾ. ನೋವು ಹೋತಾ?" ಎಂದಳು.

ಏನು ಹೇಳಲಿ! ಅವಳು ಹೊಸ್ತಿಲು ಎಡವಿದರೆ ನಾನು ಹೊಸ್ತಿಲಿಗೆ ಬಾರಿಸುತ್ತಿದ್ದೆ, ಫ್ರಿಜ್ ತಾಗಿದರೆ ಫ್ರಿಜ್ಜಿಗೆ. ಅವಳ ಅಳು ಥಟ್ಟನೆ ನಿಲ್ಲುತ್ತಿತ್ತು. ಯಾವ ಅಪ್ಪ ಹೀಗೆ ಮಾಡುವುದಿಲ್ಲ ಹೇಳಿ! ತಾಗಿದ್ದಕ್ಕೆ ಹೊಡೆಯಬೇಕೆಂದು ಕಲಿತ ಕೂಸು, ಮಿಲಿಂದನ ಕಾಲು ಮರದ್ದೋ ಮಾಂಸದ್ದೋ ಎಂದು ವಿಚಾರಣೆ ನಡೆಸಿರಲಿಲ್ಲ.

ಮೇಡಂ ನನ್ನನ್ನೇ ನೋಡಿದರು. "ಟೇಬಲ್ಲಿಗೆ ತಪ್ಪಾತು ಅನ್ರಿ."

"ಏನಂದ್ರಿ?"

"ಕಲಿಸಿದವರು ನೀವು, ತಿದ್ದಾವರೂ ನೀವ. ಕೈಮುಗೀರಿ. ಪೆಟ್ಟು ಬಿದ್ದಲ್ಲಿ ಉಫ್ ಅಂತ ಊದ್ರಿ. ಸೀಟಿನ ಮಾತು ಆಮ್ಯಾಲೆ."

ಗುಮಾಸ್ತರೆಲ್ಲ ಯಾರ ಎದುರು ನಿಲ್ಲಲು ನಡುಗುತ್ತಾರೋ ಆ ನಾನು, ಟೇಬಲ್ಲಿಗೆ ಕೈಮುಗಿಯುವುದೇ! ಸುವರ್ಣಾ ನನ್ನ ಕಾಲು ತುಳಿದಳು. ಕೈಮುಗಿದೆ. "ತಪ್ಪಾತಪ್ಪಾ ಟೇಬಲ್ಲಾ," ಎಂದು ಬಗ್ಗಿ ಊದಿದೆ.

ಪಿಂಕಿ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ ಸೀದಾ ಮಿಲಿಂದನ ಕಡೆ ನಡೆದು ಕೈ ಎತ್ತಿದಳು! ದೀಪ್ತಿ ಮಗನನ್ನು ಅವಚಿಕೊಂಡರು. ಎತ್ತಿದ ಕೈ ಕೆನ್ನೆಯ ಮೇಲೆ ಮೆತ್ತಗೆ ಇಳಿಯಿತು. "ತಪ್ಪಾತು," ಎಂದಳು ಪಿಂಕಿ. ಉಫ್ ಎಂದು ಊದಿದಳು. ಮಿಲಿಂದ ಕಿಲಕಿಲ ನಕ್ಕು ಇನ್ನೊಂದು ಕೆನ್ನೆಯನ್ನೂ ಒಡ್ಡಿದ!

ದೀಪ್ತಿಯವರ ಮುಖ ಸಡಿಲವಾಯಿತು. "ಒಂದು ವಾರ ನೋಡ್ತೀನ್ರೀ," ಎಂದರು ಮೇಡಂ. "ನಾಳೆ ಕಳಸ್ರಿ." ನನಗೆ ಅಳುವೇ ಬಂದುಬಿಟ್ಟಿತ್ತು.

ಎಲ್ಲರೂ ಹೊರಗೆ ಬಂದೆವು. ನನ್ನ ಹಳೆಯ ಸ್ಕೂಟರ್ ಎಷ್ಟು ಕಿಕ್ ಹೊಡೆದರೂ ಕೆಮ್ಮಿತೇ ಹೊರತು ಏಳಲಿಲ್ಲ. ಹಿಂದೆ ಆಟೋಗಳ ಹಾರ್ನ್! "ಥೂ, ದರಿದ್ರ ಗಾಡಿ!" ಎಂದು ಸೀಟಿಗೊಂದು ಬಿಗಿದೆ.

ಬಿಗಿದ ಮೇಲೆ ಬುದ್ಧಿ ಬಂತು. ಗೇಟಿನಲ್ಲಿ ಮೇಡಂ, ಪಕ್ಕದಲ್ಲಿ ದೀಪ್ತಿ!

"ಅಪ್ಪಾ, ಗಾಡಿ ನಿನಗೇನ ಮಾಡೇತಿ?" ಎಂದಳು ಪಿಂಕಿ.

"ಲಗೂನ ಕೈಮುಗೀರಿ! ಮೇಡಂ ನೋಡಾಕತ್ತಾರ!" ಸುವರ್ಣಾ ಪಿಸುಗುಟ್ಟಿದಳು.

ನಡುರಸ್ತೆಯಲ್ಲಿ ಸ್ಕೂಟರಿಗೆ ಕೈಮುಗಿದೆ. "ಕ್ಯಾ ಸಾಬ್, ದಸರಾ ಅಭೀ ದೂರ್ ಹೈ!" ಎಂದು ಕೂಗಿದ ಆಟೋದವನೊಬ್ಬ, ಗಾಡಿಪೂಜೆಗೆ ಇನ್ನೂ ದಿನವಿದೆಯೆಂದು ಅಣಕಿಸಿ ಹೋದ. ನಾನು ಬಗ್ಗಿ ಸೀಟಿಗೆ ಉಫ್ ಎಂದು ಊದಿದೆ.

"ಅಲ್ಲಿ ಅಲ್ಲ," ಎಂದು ಪಿಂಕಿ ಕಿಕ್ ಕಡೆ ಬೆರಳು ತೋರಿದಳು. "ಇಲ್ಲಿ ಭಾಳ ಒದ್ದಿ ಅಪ್ಪಾ. ಇಲ್ಲೂ ಊದು. ಇನ್ನ ಒದಿಯಂಗಿಲ್ಲ ಅನ್ನು."

ಅಂದೆ. ಮನೆಯವರೆಗೂ ಗಾಡಿಯನ್ನು ತಳ್ಳಿಕೊಂಡೇ ಹೋದೆ!