ಚೆನ್ನಾಗಿದ್ದ ಕಂಪ್ಯೂಟರಿನ ರಿಪೇರಿ

ಕೆಟ್ಟ ವಸ್ತುವನ್ನು ರಿಪೇರಿ ಮಾಡುವವರು ಊರಿಗೆ ಒಬ್ಬಿಬ್ಬರು ಸಿಕ್ಕಾರು. ಚೆನ್ನಾಗಿರುವ ವಸ್ತುವನ್ನು ರಿಪೇರಿ ಮಾಡುವವರು ಮಾತ್ರ ಮನೆಗೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲಿ ಅದು ನಾನು. ಗಡಿಯಾರ ಸರಿಯಾಗಿ ನಡೆಯುತ್ತಿದ್ದರೆ ಇನ್ನೂ ಸ್ವಲ್ಪ ಸರಿಯಾಗಿ ನಡೆಯಬಾರದೇಕೆ ಎಂದು ನನಗೆ ಅನ್ನಿಸುತ್ತದೆ. ಮಿಕ್ಸಿ ಸದ್ದು ಮಾಡಿದರೆ, ಸದ್ದು ಮಾಡದ ಮಿಕ್ಸಿ ಭೂಮಿಯ ಮೇಲೆ ಇಲ್ಲವೆಂದು ಗೊತ್ತಿದ್ದೂ, ಕೈ ತಾನಾಗಿ ಸ್ಕ್ರೂಡ್ರೈವರ್ ಹುಡುಕುತ್ತದೆ. ಕಾಫಿ ತೋಟ ಮಾಡುವವನಿಗೆ ಇದು ಸಹಜವೇ ಇರಬೇಕು. ಗಿಡ ಚೆನ್ನಾಗಿದೆ ಎಂದು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಕೊಂಬೆ ಸವರಬೇಕು, ಚಿಗುರು ಮುರಿಯಬೇಕು, ನೆರಳು ತೆಗೆಸಬೇಕು. ಆದರೆ ಗಿಡಕ್ಕೂ ಕಂಪ್ಯೂಟರಿಗೂ ಒಂದು ವ್ಯತ್ಯಾಸವಿದೆ. ತಪ್ಪಾಗಿ ಕತ್ತರಿಸಿದ ಗಿಡ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ನಮ್ಮ ಮನೆ ಇರುವುದು ಕೊಟ್ಟಿಗೆಹಾರದಿಂದ ಒಳಗೆ. ಹೆಂಡತಿ ಶೈಲಜಾ ಮೂಡಿಗೆರೆಯಲ್ಲಿ ಕಾಲೇಜಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ನಲವತ್ತು ದಾಟಿದ ಮೇಲೆ ಪಿಎಚ್‌.ಡಿ. ಮಾಡುತ್ತೇನೆಂದು ಹೊರಟವಳು. ವಿಷಯ, ನಮ್ಮ ಕಾಫಿ ಸೀಮೆಯ ಸ್ಥಳನಾಮಗಳು. ಅತ್ತಿಗುಂಡಿಯಿಂದ ಹೊರನಾಡಿನವರೆಗೆ ಊರು, ಹಳ್ಳ, ಗುಡ್ಡ, ಬಂಡೆ, ತೋಟದೊಳಗಿನ ತುಂಡು ಜಾಗ ಎಲ್ಲದಕ್ಕೂ ಯಾಕೆ ಆ ಹೆಸರು ಬಂತು ಎಂದು ಮುದುಕ ಮುದುಕಿಯರನ್ನು ಕೇಳಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದಳು. ಜೀಪು ಓಡಿಸಿದವನು ನಾನು. ಹಾಗೆ ಮಾತಾಡಿದವರಲ್ಲಿ ಹಲವರು ಈಗಿಲ್ಲ. ಅವರ ದನಿಗಳೆಲ್ಲ ನಮ್ಮ ಹಜಾರದ ಮೂಲೆಯಲ್ಲಿರುವ ಕಂಪ್ಯೂಟರಿನಲ್ಲಿದ್ದವು.

ಪ್ರಬಂಧ ಒಪ್ಪಿಸಿ ಆಗಿತ್ತು. ಉಳಿದಿದ್ದು ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾ. ಪರೀಕ್ಷಕರು ದೂರದ ಊರಿನವರಾದ್ದರಿಂದ ಎಲ್ಲರೂ ಅವರವರ ಜಾಗದಲ್ಲೇ ಕೂತು ವಿಡಿಯೋದಲ್ಲಿ ಸೇರುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಹನ್ನೊಂದಕ್ಕೆ. "ನಿಮ್ಮ ಧ್ವನಿಮುದ್ರಣಗಳನ್ನು ಕೇಳಬೇಕು, ಸಿದ್ಧವಾಗಿಟ್ಟುಕೊಳ್ಳಿ" ಎಂದು ಪರೀಕ್ಷಕರು ಮೊದಲೇ ತಿಳಿಸಿದ್ದರು.

ಆ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಶೈಲಾ ಒಳಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಕಂಪ್ಯೂಟರ್ ಹಾಕಿ ನೋಡಿದೆ. ಸಿಪಿಯು ಡಬ್ಬದೊಳಗಿನ ಫ್ಯಾನ್ ಗುರ್ ಎನ್ನುತ್ತಿತ್ತು.

"ಶೈಲಾ, ಇದು ಯಾಕೋ ಸದ್ದು ಮಾಡ್ತಾ ಇದೆ. ಧೂಳು ಕೂತಿರ್ಬೇಕು."

"ರೀ, ಇವತ್ತು ಮುಟ್ಬೇಡಿ. ನಾಳೆ ಬೇಕಾದ್ರೆ ಪೂರ್ತಿ ಬಿಚ್ಚಿ ಹರಡ್ಕೊಳಿ."

ಧೂಳು ಹೊಡೆಯುವುದು ಮುಟ್ಟಿದಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಂಪ್ಯೂಟರಿನ ಧೂಳು ತೆಗೆಯಲು ಮೆತ್ತನೆಯ ಬ್ರಷ್ಷು ಬೇಕು, ಫ್ಯಾನನ್ನು ಬೆರಳಿನಿಂದ ತಡೆದು ಹಿಡಿದುಕೊಂಡು ಮೆಲ್ಲಗೆ ಒರೆಸಬೇಕು, ಅವಸರ ಕೂಡದು. ಇದೆಲ್ಲ ನನಗೆ ಗೊತ್ತಿತ್ತು. ಬ್ರಷ್ಷು ಮಾತ್ರ ಸಿಗಲಿಲ್ಲ. ಸಿಕ್ಕಿದ್ದು ಕಾಫಿ ಒಣಗಿಸುವ ಕಣದಲ್ಲಿ ಎಲೆ ಹಾರಿಸುವ ಬ್ಲೋವರ್. ಕಂಪ್ಯೂಟರ್ ಆರಿಸಿ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿದೆ. ಗೋಡೆಯಲ್ಲಿದ್ದ ಒಂದು ಪ್ಲಗ್ ಕಿತ್ತು ಬ್ಲೋವರಿನದನ್ನು ಸಿಕ್ಕಿಸಿ, ಗುಂಡಿ ಒತ್ತಿದೆ.

ಸದ್ದು ನಿಂತ ಮೇಲೆ ನೋಡಿದರೆ ಹಜಾರದಲ್ಲಿ ಹೊಗೆ ಹಾಕಿದಂತಿತ್ತು. ಕಾಫಿ ಹೊಟ್ಟು, ಒಣಗಿದ ಹಲ್ಲಿ ಮೊಟ್ಟೆ, ಶೈಲಾಳ ಟಿಪ್ಪಣಿ ಹಾಳೆಗಳು ಎಲ್ಲವೂ ಒಂದೇ ಸಮನೆ ಕೆಳಗಿಳಿಯುತ್ತಿದ್ದವು. ಪೂಜೆ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ನಿಂತು, "ವಿಭೂತಿ ಹಚ್ಕೊಂಡೇ ಬಂದಿದ್ನಲ್ಲ ಮಾರಾಯ, ಇನ್ನೂ ಯಾಕೆ?" ಎಂದರು. ನಾನು ನಕ್ಕೆ. ಮುಚ್ಚಳ ಹಾಕಿ ಸ್ವಿಚ್ ಒತ್ತಿದೆ.

ಪರದೆ ಕಪ್ಪಗೇ ಉಳಿಯಿತು. ಡಬ್ಬದೊಳಗಿಂದ 'ಕೂಂ' ಎಂದು ಒಂದು ಉದ್ದನೆಯ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಅದು ನಿಲ್ಲಲೇ ಇಲ್ಲ.

ಶೈಲಾ ಅರ್ಧ ಇಸ್ತ್ರಿಯಾದ ಸೀರೆ ಹಿಡಿದು ಹೊರಗೆ ಬಂದಳು. ಪರದೆ ನೋಡಿದಳು, ಬ್ಲೋವರ್ ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

"ಮುಖ ತೋರಿಸೋಕೆ ಮೊಬೈಲ್ ಸಾಕು," ಎಂದಳು ನಿಧಾನವಾಗಿ. "ರೆಕಾರ್ಡಿಂಗ್ ಎಲ್ಲಾ ಬ್ಯಾಕಪ್ ಮಾಡಿದೀನಿ ಅಂದಿದ್ರಲ್ಲ?"

"ಮಾಡಿದೀನಿ."

"ಎಲ್ಲಿದೆ?"

ನಾನು ಕೂಗುತ್ತಿದ್ದ ಡಬ್ಬವನ್ನೇ ತೋರಿಸಿದೆ. ಒಂದು ಫೋಲ್ಡರಿನಿಂದ ಇನ್ನೊಂದು ಫೋಲ್ಡರಿಗೆ ಜೋಪಾನವಾಗಿ ನಕಲು ಮಾಡಿ, 'ಬ್ಯಾಕಪ್' ಎಂದು ಚೆಂದವಾಗಿ ಹೆಸರಿಟ್ಟಿದ್ದೆ. ಮನೆಯ ಬೀಗದ ಕೈಯನ್ನೂ ಅದರ ಜೋಡಿಯನ್ನೂ ಒಂದೇ ಗೊಂಚಲಿಗೆ ಕಟ್ಟಿ ಬಾವಿಗೆ ಬೀಳಿಸಿಕೊಂಡವನ ಹಾಗೆ ನಿಂತಿದ್ದೆ. ಓದುಗರಲ್ಲಿ ನನ್ನಂಥವರಿದ್ದರೆ ಇಲ್ಲೇ ಹೇಳಿಬಿಡುತ್ತೇನೆ: ಅದೇ ಯಂತ್ರದೊಳಗಿರುವ ಎರಡನೆಯ ಪ್ರತಿ ಬ್ಯಾಕಪ್ ಅಲ್ಲ. ಅದು ಬರೀ ಸಮಾಧಾನ.

ಶೈಲಾ ಕುರ್ಚಿಯಲ್ಲಿ ಕೂತಳು. "ಕೆಂಚಮ್ಮಜ್ಜಿ ಹೋದ ವರ್ಷ ತೀರ್ಕೊಂಡ್ರು," ಎಂದಳು. ಅಷ್ಟೇ. ಆ ಅಜ್ಜಿಯ ಮಾತನ್ನು ಇನ್ನೊಮ್ಮೆ ರೆಕಾರ್ಡ್ ಮಾಡುವಂತಿರಲಿಲ್ಲ.

ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಪ್ರಕಾಶ ನನಗೆ ಪರಿಚಯ. ಈ ಯಂತ್ರವನ್ನು ಜೋಡಿಸಿ ಕೊಟ್ಟವನೂ ಅವನೇ. ಆದರೆ ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಮಾಮೂಲಿಗೆ ವೈಫೈನಲ್ಲಿ ಮಾತಾಡುತ್ತೇವೆ, ಆ ಹೊತ್ತಿಗೆ ಅದೂ ಸತ್ತಿತ್ತು. ಫೋನ್ ಮಾಡಬೇಕೆಂದರೆ ಕಣದ ಆಚೆ ತುದಿಗೇ ಹೋಗಬೇಕು. ನಾನು ಡಬ್ಬದ ಮುಂದೆ ಮಂಡಿಯೂರಿದೆ. ಶೈಲಾ ಫೋನ್ ಹಿಡಿದು ಕಣಕ್ಕೆ ಓಡಿದಳು. ನಡುವೆ, ಜಗಲಿಯ ಮೇಲೆ, ಅಮ್ಮ.

"ಏನಾಗಿದೆ ಅಂತ ಕೇಳ್ತಿದಾನೆ!" ಎಂದು ಶೈಲಾ ಕೂಗಿದಳು.

"ಏನ್ ಮಾಡ್ದೆ ಅಂತ ಕೇಳ್ತಿದಾನಂತೆ!" ಎಂದು ಅಮ್ಮ ನನಗೆ ಕೂಗಿದರು. ಅನುವಾದದಲ್ಲಿ ಹೀಗೆ ಸ್ವಲ್ಪ ವ್ಯತ್ಯಾಸ ಆಗುತ್ತಿತ್ತು.

"ಪರದೆ ಕಪ್ಪು. ಒಂದೇ ಸಮ ಕೂಗ್ತಿದೆ ಅನ್ನಮ್ಮ."

"ಹೆಂಗೆ ಕೂಗುತ್ತೆ ಅಂತೆ! ಉದ್ದಕ್ಕಾ, ತುಂಡು ತುಂಡಾಗಾ?"

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಜಗಲಿಯ ಅಂಚಿಗೆ ನಡೆದು, ಕತ್ತು ಮೇಲೆತ್ತಿ, "ಕೂಂ... ಕೂಂ..." ಎಂದು ಕೂಗಿ ತೋರಿಸಿದರು. ತೋಟದ ಕೆಳಗಿನಿಂದ ಯಾರೋ "ಓ..." ಎಂದು ಉತ್ತರ ಕೊಟ್ಟರು. ಶೈಲಾ ಫೋನನ್ನು ಅಮ್ಮನ ಕಡೆಗೆ ಹಿಡಿದಿದ್ದಳು. ಪ್ರಕಾಶನಿಗೆ ಅಷ್ಟು ಸಾಕಾಯಿತು.

"ರ್‍ಯಾಮ್ ಅಲುಗಾಡಿದೆಯಂತೆ! ಕರೆಂಟ್ ವೈರ್ ಕೀಳ್ಬೇಕಂತೆ! ಉದ್ದಕ್ಕಿರೋ ಸಣ್ಣ ಪಟ್ಟಿ ಹೊರಗೆ ತೆಗ್ದು, ಅದ್ರ ಹಳದಿ ಹಲ್ಲನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಬೇಕಂತೆ!"

ರಬ್ಬರು ಮೇಜಿನ ಮೇಲೇ ಇತ್ತು, ಬ್ಲೋವರ್ ಬರುವ ಮುಂಚೆ. ಅದನ್ನು ಮಂಚದ ಕೆಳಗಿಂದ ಹೊಟ್ಟೆಯ ಮೇಲೆ ತೆವಳಿ ತಂದೆ. ಪಟ್ಟಿ ತೆಗೆದೆ, ಉಜ್ಜಿದೆ. ಮತ್ತೆ ಕೂರಿಸಿದೆ.

"ಎರಡೂ ಕಡೆ ಟಕ್ ಅನ್ಬೇಕಂತೆ!" ಎಂದು ಹೊರಗಿನಿಂದ ಅಮ್ಮ ಕೂಗಿದರು.

ಒಂದು ಕಡೆ ಟಕ್ ಎಂದಿತು. ಇನ್ನೊಂದು ಕಡೆ ಏನೂ ಅನ್ನಲಿಲ್ಲ. ಒತ್ತಿದರೆ ಮುರಿಯುತ್ತದೆಂಬ ಭಯ, ಒತ್ತದಿದ್ದರೆ ಕೆಂಚಮ್ಮಜ್ಜಿ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಟಕ್.

ಸ್ವಿಚ್ ಹಾಕಿದಾಗ ಕೂಗು ಬರಲಿಲ್ಲ. ಪರದೆಯ ಮೇಲೆ ಬೆಳಕು ಮೂಡಿ, ಶೈಲಾಳ ಫೋಲ್ಡರುಗಳು ಒಂದೊಂದಾಗಿ ಬಂದು ನಿಂತವು. "ಬಂತು!" ಎಂದೆ. ಅಮ್ಮ ಅದನ್ನು ಕಣಕ್ಕೆ ದಾಟಿಸಿದರು. ಶೈಲಾ ಓಡಿ ಬಂದು ಎಲ್ಲಕ್ಕಿಂತ ಮೊದಲು ದನಿಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿಕೊಂಡು ಅದನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು.

ಆಮೇಲೆ ನೆನಪಾಯಿತು, ಇಂಟರ್ನೆಟ್ ಇನ್ನೂ ಬಂದಿಲ್ಲ. ಇನ್ನು ಪರೀಕ್ಷೆಗೆ ಸ್ವಲ್ಪವೇ ಹೊತ್ತು. ನಾನು ವೈಫೈ ಪೆಟ್ಟಿಗೆಯನ್ನು ಹಿಡಿದು, ಅದರ ಹಿಂದಿರುವ ಸೂಜಿಮೊನೆಯಷ್ಟು ಸಣ್ಣ ರೀಸೆಟ್ ತೂತಿಗೆ ಚುಚ್ಚಲು ಪಿನ್ನು ಹುಡುಕತೊಡಗಿದೆ. ಆ ತೂತಿಗೆ ಚುಚ್ಚಿದರೆ ಪಾಸ್‌ವರ್ಡು, ಹೊಂದಾಣಿಕೆ ಎಲ್ಲ ಅಳಿಸಿಹೋಗಿ ಪೆಟ್ಟಿಗೆ ಹುಟ್ಟಿದ ದಿನದ ಸ್ಥಿತಿಗೆ ಹೋಗುತ್ತದೆ, ಆಮೇಲೆ ಕೇಬಲ್ಲಿನವರು ಬಂದೇ ಸರಿಮಾಡಬೇಕು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ.

"ಇದು ಯಾವ್ದರ ಪ್ಲಗ್ಗೋ?" ಎಂದು ಅಮ್ಮ ನೆಲದಿಂದ ಒಂದು ವೈರನ್ನು ಎತ್ತಿದರು. ಬ್ಲೋವರಿಗೆ ಜಾಗ ಮಾಡಲು ನಾನು ಕಿತ್ತಿದ್ದು ಅದನ್ನೇ. ಸಿಕ್ಕಿಸಿದೆವು. ಕೆಂಪು ದೀಪ ಹಸಿರಾಗುವವರೆಗೆ ಮೂವರೂ ಅದರ ಮುಂದೆ ಮಂಗಳಾರತಿಗೆ ಕಾದವರಂತೆ ನಿಂತಿದ್ದೆವು.

ಪರೀಕ್ಷೆ ಶುರುವಾಯಿತು. ನನ್ನನ್ನು ಹೊರಗೆ ಕಳಿಸಲಾಯಿತು. ಜಗಲಿಯ ಮೇಲೆ ಕೂತು ಒಳಗಿನ ಪ್ರಶ್ನೆ ಉತ್ತರಗಳಿಗೆ ಕಿವಿಕೊಟ್ಟಿದ್ದೆ. ಎಲ್ಲ ಸರಿಯಾಗಿ ನಡೆಯುತ್ತಿದೆ ಅನ್ನುವಾಗ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಕಾಫಿಗೆ ಹೂವು ಬರಲೆಂದು ಸುತ್ತಲಿನ ತೋಟಗಳೆಲ್ಲ ಸ್ಪ್ರಿಂಕ್ಲರ್ ಹಾಕುವ ಕಾಲ. ಮೋಟರುಗಳು ಕೂಡಿ ಎಳೆದರೆ ಮನೆಯ ಕರೆಂಟು ಕುಸಿಯುತ್ತದೆ. ಯುಪಿಎಸ್ಸಿನ ಬ್ಯಾಟರಿ ಹಳೆಯದಾಗಿದೆ, ಬದಲಿಸಬೇಕು ಎಂದು ಪ್ರಕಾಶ ಹೇಳಿದ್ದ. ಚೆನ್ನಾಗಿದ್ದ ಫ್ಯಾನನ್ನು ಸರಿಮಾಡಿದ ನಾನು, ಕೆಟ್ಟಿದ್ದ ಬ್ಯಾಟರಿಯನ್ನು ಹಾಗೇ ಬಿಟ್ಟಿದ್ದೆ.

ಪಂಪ್‌ಹೌಸಿಗೆ ಓಡಿದೆ. ಒಂದು ಚಪ್ಪಲಿ ಕಾಫಿ ಗಿಡಗಳ ನಡುವೆಯೇ ಉಳಿಯಿತು. ನಮ್ಮ ಮೋಟರಿನ ಸ್ಟಾರ್ಟರಿನಲ್ಲಿ ಕೆಂಪು ಗುಂಡಿಯನ್ನು ಅಂಗೈಯಿಂದ ಹೊಡೆದೆ. "ಏನಾಯ್ತು ಅಯ್ಯ?" ಎಂದು ಮೇಸ್ತ್ರಿ ಗಾಬರಿಯಾದರು. "ವೈವಾ!" ಎಂದೆ. ಹಾವಿನ ಹೆಸರೆಂದುಕೊಂಡರೋ ಏನೋ, ಅವರೂ ಆಳುಗಳೂ ಎರಡು ಹೆಜ್ಜೆ ಹಿಂದೆ ಸರಿದರು.

ಏದುಸಿರು ಬಿಡುತ್ತ ಮನೆಗೆ ಬಂದಾಗ ಕೀಂ ಕೀಂ ನಿಂತಿತ್ತು. ಒಳಗಿಂದ ಬರುತ್ತಿದ್ದ ದನಿ ಶೈಲಾಳದಲ್ಲ, ಕೆಂಚಮ್ಮಜ್ಜಿಯದು. "ಅದಕ್ಕೆ ಕೂಗುಕಲ್ಲು ಅಂತಾರೆ ಕಣವ್ವಾ. ಆ ಕಲ್ಲ್ ಮೇಲೆ ನಿಂತ್ ಕೂಗಿದ್ರೆ ಆಚೆ ಗುಡ್ಡಕ್ಕೆ ಕೇಳ್ತಿತ್ತು. ಆನೆ ಬಂತು ಅಂತ ಕೂಗೋರು, ಹೆರಿಗೆ ಆಯ್ತು ಅಂತ ಕೂಗೋರು. ನಾ ಹುಟ್ಟಿದ್ದೂ ಅಲ್ಲಿಂದ್ಲೇ ಕೂಗಿ ಹೇಳಿದ್ರಂತೆ." ಆಮೇಲೆ ಅಜ್ಜಿ ಕೆಮ್ಮಿ ನಕ್ಕರು. ಜಗಲಿಯ ಕಂಬಕ್ಕೆ ಒರಗಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಧೂಳಿನ ನೆಪ ಹೇಳಿಕೊಂಡು ಒರೆಸಿಕೊಂಡೆ.

"ಅಭಿನಂದನೆಗಳು, ಡಾಕ್ಟರ್ ಶೈಲಜಾ" ಎಂಬ ಮಾತು ಕಿಟಕಿಯಿಂದ ಹೊರಗೆ ಬಂದಾಗ ಅಮ್ಮ ಎಲ್ಲರಿಗಿಂತ ಮೊದಲು ಸಕ್ಕರೆ ಡಬ್ಬಿಗೆ ಕೈ ಹಾಕಿದರು.

ಮಾರನೆಯ ದಿನ ಶೈಲಾ ದನಿಗಳ ಒಂದು ಪ್ರತಿಯನ್ನು ಕಾಲೇಜಿನ ಬೀರುವಿನಲ್ಲಿಟ್ಟಳು, ಇನ್ನೊಂದನ್ನು ಚಿಕ್ಕಮಗಳೂರಿನ ತಂಗಿಯ ಮನೆಗೆ ಕಳಿಸಿದಳು. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂತು. ಸಂಜೆ ನಾನು ಕಂಪ್ಯೂಟರಿನ ಮುಂದೆ ಕೂತು, ಯಾವುದೋ ಒಂದು ಸಣ್ಣ ಸೆಟ್ಟಿಂಗ್ ಸರಿಮಾಡೋಣವೆಂದು ಒತ್ತಿದೆ. ಅದು ಪಾಸ್‌ವರ್ಡ್ ಕೇಳಿತು. ನನ್ನ ಪಾಸ್‌ವರ್ಡ್ ಕೊಟ್ಟೆ. ಸಾಲದು, ಯಜಮಾನರದು ಬೇಕು ಎಂದಿತು.

"ಶೈಲಾ, ಇದೇನು?"

"ನಿಮ್ಗೆ ಬೇರೆ ಅಕೌಂಟ್ ಮಾಡಿದೀನಿ. ಪೇಪರ್ ಓದ್ಬಹುದು, ಕಾಫಿ ರೇಟ್ ನೋಡ್ಬಹುದು. ಬೇರೆ ಏನಾದ್ರೂ ಮಾಡ್ಬೇಕಂದ್ರೆ ನನ್ನ ಕೇಳಿ."

ಅಂದಿನಿಂದ ನಮ್ಮ ಮನೆಯ ಕಂಪ್ಯೂಟರ್ ಒಮ್ಮೆಯೂ ಕೆಟ್ಟಿಲ್ಲ. ಹೊಸ ಬ್ಯಾಟರಿಯಿಂದಲೇ ಇಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಬಂದವರಿಗೆಲ್ಲ ನಾನು ವಿವರಿಸುತ್ತೇನೆ. ಆಗ ಶೈಲಾ ಮತ್ತು ಅಮ್ಮ ಯಾಕೋ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.