ಅವರೆಕಾಳು ತುಂಬಿದ ಕಲಾಕೃತಿ

ಮಾಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನಯ್ಯನವರಿಗೆ ಐವತ್ತೈದನೆಯ ವಯಸ್ಸಿನಲ್ಲಿ ಕಲೆ ಒಲಿಯಿತು. (ಆ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಒಲಿಯುತ್ತದೆ, ಅದಕ್ಕಾದರೆ ಮಾತ್ರೆಯಿದೆ ಎಂಬುದು ಪತ್ನಿ ಗಿರಿಜಾಂಬನವರ ಅಭಿಪ್ರಾಯ.) ಖಾಲಿ ಕೊಟ್ಟಿಗೆಯಲ್ಲಿ ಮರ ಕಡೆಯುವ ಲೇತ್ ಮಿಷಿನ್ ಕೂತಿತು. ತಿಪ್ಪಸಂದ್ರದ ಹುಣಸೆ ಮರದ ಕಾಂಡದ ಮೇಲೆ ಗಳಗಂಡದಂತೆ ಉಬ್ಬಿದ್ದ ಗಂಟೊಂದು ಗೂಡ್ಸ್ ಆಟೋ ಹತ್ತಿ ಬಂತು. ಸೌದೆಯೆಂದು ಗಿರಿಜಾಂಬ ಅದನ್ನು ನೀರೊಲೆಗೆ ಒಟ್ಟಿದರು; ಇವರು ಓಡಿ ಬಂದು ಎಳೆದುಕೊಂಡರು.

ಮನೆಯ ಸಾರಿನಲ್ಲೂ ಮರದ ಪುಡಿ ತೇಲಿದ ಮೇಲೆ ಕೊನೆಗೊಂದು ಹೂಜಿ ಅವತರಿಸಿತು. ಹೊಟ್ಟೆ ಕುಂಬಳಕಾಯಿಯಷ್ಟು, ಬಾಯಿ ಹೆಬ್ಬೆರಳು ತೂರುವಷ್ಟು. ಆ ಕಿರಿಬಾಯಿಯೊಳಗೇ ಬಾಗಿದ ಉಳಿ ಬಿಟ್ಟು ಒಳಗನ್ನೆಲ್ಲ ಕೆರೆದು ತೆಗೆದಿದ್ದರು. ತೊಗಟೆ ಬೇಕೆಂದೇ ಉಳಿಸಿದ್ದರು. ಅಲ್ಲಲ್ಲಿ ತೂತು, ಅದು ಪ್ರಕೃತಿಯ ಕೊಡುಗೆ.

"ನೀರು ನಿಲ್ತದಾ?" ಎಂದರು ಗಿರಿಜಾಂಬ.

"ನೀರು ಹಾಕಕ್ಕಲ್ಲ ಕಣೆ."

"ಮತ್ತೇನು ಹಾಕಕ್ಕೆ?"

"ಏನೂ ಹಾಕಂಗಿಲ್ಲ. ಸುಮ್ನೆ ನೋಡಕ್ಕೆ."

"ಸುಮ್ನೆ ನೋಡಕ್ಕೆ ನೀವಿರ್ಲಿಲ್ವಾ, ಇದ್ಯಾಕೆ ಬೇಕಿತ್ತು?"

ಅಷ್ಟರಲ್ಲಿ ಮಗಳು ರಕ್ಷಿತಾಳನ್ನು ಕೊಟ್ಟಿದ್ದ ಚನ್ನಪಟ್ಟಣದ ಬೀಗರ ಹೊಸಮನೆ ಗೃಹಪ್ರವೇಶ ಬಂತು. ಬೀಗರು ಇವರನ್ನು ಎಲ್ಲರಿಗೂ "ಮಾಗಡಿ ಮೊಳೆ ಅಂಗಡಿಯವ್ರು" ಎಂದೇ ಪರಿಚಯಿಸುತ್ತಿದ್ದರು. ಅವರ ನಡುಮನೆಯಲ್ಲಿ ಹೂಜಿ ವಿರಾಜಮಾನವಾದರೆ ಆ ಬಾಯಿಂದಲೇ "ಕಲಾವಿದರು" ಎಂದು ಬಂದೀತು. ಇವರಿಗಿದ್ದದ್ದು ಇದೊಂದೇ ಆಸೆ.

ಹೊರಡುವಾಗ ಗಿರಿಜಾಂಬ ಅಡ್ಡ ನಿಂತರು. "ಬರಿ ಪಾತ್ರೆ ಕೊಡಬಾರ್ದು ಕಣ್ರೀ, ಅದೂ ಬೀಗರಿಗೆ."

ರಾಗಿ ಹಾಕಿದರೆ ತೂತಿನಲ್ಲಿ ಸುರಿಯಿತು. ಅವರೆಕಾಳು ನಿಂತಿತು. ಗಿರಿಜಾಂಬ ಕಾಗದವನ್ನು ಲಾಳಿಕೆಯಂತೆ ಸುತ್ತಿ ಹೂಜಿಯ ಬಾಯಿಗಿಟ್ಟು ಕಂಠಪೂರ್ತಿ ತುಂಬಿದರು. ಕಲಾವಿದರು ಹಲ್ಲು ಕಚ್ಚಿ ಸಹಿಸಿದರು.

ಬೀಗಿತ್ತಿ ರಾಧಾಮಣಿ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದದ್ದು ಕಂಡು ಮಲ್ಲಿಕಾರ್ಜುನಯ್ಯನವರ ಕಣ್ಣು ತುಂಬಿತು. (ಹೋದದ್ದು ಅಡುಗೆಮನೆಗೆ ಎಂಬುದು ತುಂಬಿದ ಕಣ್ಣಿಗೆ ಕಾಣಲಿಲ್ಲ.)

ಆ ಹುರುಪಿನಲ್ಲಿ ಇನ್ನೂ ನಾಲ್ಕು ಹೂಜಿ ಕಡೆದು ಮನೆಯ ಶೋಕೇಸಿನಲ್ಲಿ ಜೋಡಿಸಿದರು. ಮುಂದಿನ ತಿಂಗಳು ತವರಿಗೆ ಬಂದ ರಕ್ಷಿತಾ, ಕೆಂಪು ಹಳದಿ ಬಣ್ಣದಲ್ಲಿ ಫಳಫಳ ಹೊಳೆಯುವ ಒಂದು ವಸ್ತುವನ್ನು ಮುಂದಿಟ್ಟಳು.

"ಅಪ್ಪಾಜಿ, ನಿಮ್ ಡಬ್ಬಿ."

"ಯಾವ ಡಬ್ಬಿ?"

"ಅದೇ, ಅವರೆಕಾಳು ತಂದಿದ್ರಲ್ಲ. ಕಾಳು ಉದುರ್ಸಕ್ಕೆ ನಮ್ಮತ್ತೆ ಅಲ್ಲಾಡ್ಸಿ ಅಲ್ಲಾಡ್ಸಿ ತೋಳು ಹಿಡ್ಕಂಡ್ಬುಡ್ತು. ಅದಕ್ಕೇ ಪಕ್ಕದ ಬೀದಿ ಗೊಂಬೆ ಕಾರ್ಖಾನೆಲಿ ಬಾಯಿ ಅಗಲ ಮಾಡ್ಸಿದ್ರು. ಹಂಗೇ ತೊಗಟೆ ತೆಗ್ಸಿ, ತೂತು ಮುಚ್ಸಿ, ಅರಗಿನ ಬಣ್ಣ ಹಾಕ್ಸಿ, ಮುಚ್ಚಳನೂ ಮಾಡ್ಸವ್ರೆ. ಬರಿದು ಕಳಿಸ್ಬಾರ್ದು ಅಂತ ಸಕ್ಕರೆ ತುಂಬವ್ರೆ."

ಗಿರಿಜಾಂಬ ಅದನ್ನು ಮೊದಲ ಬಾರಿಗೆ ಪ್ರೀತಿಯಿಂದ ಸವರಿದರು. "ಈಗ ಒಸಿ ಪಾತ್ರೆ ಇದ್ದಂಗೈತೆ."

ಅಷ್ಟರಲ್ಲಿ ಬೀಗರ ಫೋನು, ಮನೆಗೆಲ್ಲ ಕೇಳುವ ದನಿಯಲ್ಲಿ. "ಸಂಕೋಚ ಮಾಡ್ಕಬ್ಯಾಡಿ ಬೀಗ್ರೇ, ಮೊದ್‌ಮೊದ್ಲು ಎಲ್ರಿಗೂ ಹಂಗೇ ಆಯ್ತದೆ. ಕೆಟ್ಟಿರೋವು ಇನ್ನೂ ಇದ್ರೆ ಕಳ್ಸಿ, ಸರಿ ಮಾಡ್ಸಿ ಕೊಡ್ತೀವಿ."

ಫೋನಿಟ್ಟು ಮಲ್ಲಿಕಾರ್ಜುನಯ್ಯ ತಲೆಯೆತ್ತಿದರು. ಶೋಕೇಸು ಬರಿದಾಗಿತ್ತು. ಉಳಿದ ಹೂಜಿಗಳೆಲ್ಲ ನೆಲದ ಮೇಲೆ ಸಾಲಾಗಿ ಕೂತಿದ್ದವು, ಗಿರಿಜಾಂಬ ಅವರೆಕಾಳಿನ ಮೊರ ಹಿಡಿದು ಬರುತ್ತಿದ್ದರು.